ಶುಗರ್, ಬಿಪಿ ಇದ್ದವರು ರಕ್ತ ಕೊಡಬಹುದೇ? ಕಣ್ಣು, ಕಿಡ್ನಿ?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತವೆ: ‘ನನಗೇ ಕಾಯಿಲೆ, ನನ್ನ ರಕ್ತ ಯಾರಿಗೆ ಆಗಿಬರುತ್ತೆ?’ ಹೀಗೆ ಮನೆಯಲ್ಲೇ ಕೂತು ‘ನನ್ನಿಂದ ಆಗಲ್ಲ’ ಎಂದು ತೀರ್ಮಾನ ಮಾಡಿಕೊಂಡವರು ಬಹಳ. ಇನ್ನು ಕೆಲವರು ಕಾಯಿಲೆಯ ಸುದ್ದಿಯೇ ಎತ್ತದೆ ಶಿಬಿರದಲ್ಲಿ ತೋಳು ಚಾಚಿ ಮಲಗಿಬಿಡುತ್ತಾರೆ. ಎರಡೂ ತಪ್ಪು. ಬಹುಪಾಲು ಕಾಯಿಲೆಗಳಲ್ಲಿ ಅದರ ಹೆಸರಿಗಿಂತ ಈಗ ಅದು ಯಾವ ಹದದಲ್ಲಿದೆ, ಯಾವ ಔಷಧಿ ನಡೆಯುತ್ತಿದೆ ಎನ್ನುವುದೇ ಮುಖ್ಯ. ರಕ್ತದಾನದ ಬಗ್ಗೆ ಇಲ್ಲಿ ಹೇಳಿರುವ ಮಿತಿಗಳು ನಮ್ಮ ದೇಶದ ರಕ್ತನಿಧಿಗಳು ಪಾಲಿಸುವ ನಿಯಮಗಳದ್ದು. ಕೊನೆಯ ಮಾತು ಆ ದಿನ ನಿಮ್ಮನ್ನು ಪರೀಕ್ಷಿಸುವ ವೈದ್ಯರದ್ದು.

ಪ್ರಶ್ನೆ: ವಯಸ್ಸು 46. ಎಂಟು ವರ್ಷದಿಂದ ಶುಗರ್. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತಗೊಳ್ತಿದ್ದೀನಿ, ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ 6.9 ಇದೆ. ಕಾಲೇಜಿನ ದಿನಗಳಲ್ಲಿ ರಕ್ತ ಕೊಡ್ತಿದ್ದೆ, ಶುಗರ್ ಬಂದ ಮೇಲೆ ನಿಲ್ಲಿಸಿದೆ. ನನ್ನ ರಕ್ತದ ಸಕ್ಕರೆ ಇನ್ನೊಬ್ಬರಿಗೆ ಹೋಗುತ್ತಲ್ಲ ಅಂತ ಮನೆಯವರು ಬೇಡ ಅಂತಾರೆ.
– ಹಾಸನದ ಓದುಗರು

ಉತ್ತರ: ಮೊದಲು ಮನೆಯವರ ಭಯಕ್ಕೆ ಉತ್ತರ. ರಕ್ತ ತುಂಬಿಸುವ 350 ಮಿ.ಲೀ. ಚೀಲವನ್ನು ಹತ್ತಿರದಿಂದ ನೋಡಿದರೆ ಅದರ ತಳದಲ್ಲಿ ನೀರಿನಂಥ ದ್ರವ ಕಾಣುತ್ತದೆ. ರಕ್ತ ಹೆಪ್ಪುಗಟ್ಟದಂತೆ, ಕೆಂಪು ಕಣಗಳು 35 ದಿನ ಬದುಕಿರುವಂತೆ ನೋಡಿಕೊಳ್ಳುವ 49 ಮಿ.ಲೀ. ಸಿಪಿಡಿಎ ದ್ರಾವಣ ಅದು. ಹೆಸರಿನಲ್ಲಿರುವ ‘ಡಿ’ ಅಂದರೆ ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆಯೇ. ಕೆಂಪು ಕಣಗಳಿಗೆ ಊಟವಾಗಲಿ ಎಂದು ಸುಮಾರು ಒಂದೂವರೆ ಗ್ರಾಂ ಹಾಕಿರುತ್ತಾರೆ. ನಿಮ್ಮ ಶುಗರ್ 180 ಇದ್ದಾಗ ರಕ್ತ ಕೊಟ್ಟರೂ ಆ 350 ಮಿ.ಲೀ.ನಲ್ಲಿ ಇರುವುದು 0.63 ಗ್ರಾಂ. ಚೀಲದಲ್ಲಿ ಮೊದಲೇ ಇದ್ದ ಸಕ್ಕರೆಯ ಅರ್ಧವೂ ಅಲ್ಲ. ಸಕ್ಕರೆ ಕಾಯಿಲೆ ರಕ್ತದ ಮೂಲಕ ಅಂಟುವುದಿಲ್ಲ. ಹಾಗಾಗಿ ಇಲ್ಲಿ ನೋಡಬೇಕಾದ್ದು ರೋಗಿಯ ಕ್ಷೇಮಕ್ಕಿಂತ ಕೊಡುವವರ, ಅಂದರೆ ನಿಮ್ಮ ಕ್ಷೇಮ.

ನಿಯಮ ಹೀಗಿದೆ: ಪಥ್ಯದಿಂದ ಅಥವಾ ಮಾತ್ರೆಯಿಂದ ಶುಗರ್ ಹತೋಟಿಯಲ್ಲಿದ್ದು, ಕಳೆದ ನಾಲ್ಕು ವಾರದಲ್ಲಿ ಮಾತ್ರೆಯನ್ನಾಗಲಿ ಪ್ರಮಾಣವನ್ನಾಗಲಿ ಬದಲಿಸಿಲ್ಲದಿದ್ದರೆ ಕೊಡಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರು ಕೊಡುವಂತಿಲ್ಲ. ಶುಗರ್‌ನಿಂದ ಕಿಡ್ನಿ, ಕಣ್ಣು, ಹೃದಯ, ನರಗಳಿಗೆ ಪೆಟ್ಟು ಬಿದ್ದಿದ್ದರೂ ಇಲ್ಲ. ಕಾಲಿನಲ್ಲಿ ಮಾಯದ ಗಾಯವಿದ್ದರೆ, ಕೂತಲ್ಲಿಂದ ಎದ್ದಾಗ ಕಣ್ಣು ಕತ್ತಲೆ ಬರುತ್ತಿದ್ದರೆ ಇಲ್ಲ. ಈ ಕೊನೆಯ ಅಂಶಕ್ಕೆ ಕಾರಣವಿದೆ. ಮೈಯಿಂದ 350 ಮಿ.ಲೀ. ರಕ್ತ ಹೊರಗೆ ಹೋದ ಕೂಡಲೇ ರಕ್ತನಾಳಗಳು ಬಿಗಿಯಾಗಿ, ಹೃದಯ ಸ್ವಲ್ಪ ಜೋರಾಗಿ ಬಡಿದು ಬಿಪಿ ಬೀಳದಂತೆ ಹಿಡಿದುಕೊಳ್ಳಬೇಕು. ಆ ಕೆಲಸ ಮಾಡಿಸುವ ನರಗಳೇ ಶುಗರ್‌ನಿಂದ ಸೊರಗಿದ್ದರೆ ಎದ್ದು ನಿಂತ ತಕ್ಷಣ ಕುಸಿದು ಬೀಳುತ್ತೀರಿ. ಮಾಯದ ಗಾಯವಿದೆಯೇ ಎಂದು ಹೊರಡುವ ಮುನ್ನ ಎರಡೂ ಪಾದ ತಿರುಗಿಸಿ, ಬೆರಳ ಸಂದಿ ಬಿಡಿಸಿ ನೋಡಿಕೊಳ್ಳಿ.

ಆ ದಿನ ಬೆಳಿಗ್ಗೆ ಎಂದಿನಂತೆ ತಿಂಡಿ ತಿನ್ನಿ, ಎಂದಿನಂತೆ ಮಾತ್ರೆ ನುಂಗಿ. ‘ಇವತ್ತು ಒಂದು ದಿನ ಮಾತ್ರೆ ಬೇಡ’ ಅಥವಾ ‘ಟೆಸ್ಟ್ ಮಾಡ್ತಾರೆ, ಖಾಲಿ ಹೊಟ್ಟೇಲಿ ಹೋಗ್ತೀನಿ’ ಎನ್ನಬೇಡಿ. ಗ್ಲಿಮೆಪಿರೈಡ್ ನುಂಗಿ ಖಾಲಿ ಹೊಟ್ಟೆಯಲ್ಲಿದ್ದರೆ ಶುಗರ್ ಇಳಿದುಬಿಡುತ್ತದೆ. ಕೈ ನಡುಕ, ಬೆವರು ಬರುತ್ತದೆ. ಶನಿವಾರದ ಒಪ್ಪೊತ್ತು, ಏಕಾದಶಿ ಉಪವಾಸ ಇರುವವರು ಆ ದಿನ ರಕ್ತ ಕೊಡಲೇಬಾರದು. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ಇದ್ದರೆ ಅದು ಮೂತ್ರದಲ್ಲಿ ನೀರನ್ನು ಹೆಚ್ಚು ಹೊರಹಾಕುತ್ತದೆ, ವೈದ್ಯರಿಗೆ ಹೇಳಿ, ನೀರು ಜಾಸ್ತಿ ಕುಡಿಯಿರಿ. ಯಾರೇ ಆಗಲಿ, ರಕ್ತ ಕೊಡುವ ಮುಂಚಿನ ಅರ್ಧ ಗಂಟೆಯಲ್ಲಿ ಅರ್ಧ ಲೀಟರ್ ನೀರು ಕುಡಿದಿದ್ದರೆ ತಲೆಸುತ್ತುವುದು ಕಡಿಮೆ. ಆಮೇಲೆ ಕೈಗೆ ಕೊಡುವ ಸಿಹಿ ಜ್ಯೂಸಿನ ಬದಲು ಉಪ್ಪು ಹಾಕಿದ ಮಜ್ಜಿಗೆ, ಎರಡು ಬಿಸ್ಕತ್ತು ಸಾಕು. ನಡುಕ, ಬೆವರು ಶುರುವಾದರೆ ಮಾತ್ರ ಯೋಚಿಸದೆ ಜ್ಯೂಸ್ ಕುಡಿಯಿರಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ರಕ್ತ ಕೊಟ್ಟ ಮೇಲೆ ಮೈ ಹೊಸ ಕೆಂಪು ಕಣಗಳನ್ನು ತಯಾರಿಸುತ್ತದೆ. ಹೊಸ ಕಣಗಳಿಗೆ ಸಕ್ಕರೆ ಅಂಟಿಕೊಳ್ಳಲು ಹೆಚ್ಚು ದಿನ ಸಿಕ್ಕಿರುವುದಿಲ್ಲ. ಹಾಗಾಗಿ ಎರಡು ಮೂರು ತಿಂಗಳು ಎಚ್‌ಬಿಎ1ಸಿ ನಿಜಕ್ಕಿಂತ ಕಡಿಮೆ ತೋರಿಸಬಹುದು. ‘6.9 ಇದ್ದದ್ದು 6.4 ಆಯ್ತು’ ಎಂದು ಮಾತ್ರೆ ಕಡಿಮೆ ಮಾಡಿಕೊಂಡರೆ ಮೋಸಹೋಗುತ್ತೀರಿ. ಆ ಪರೀಕ್ಷೆಯನ್ನು ರಕ್ತ ಕೊಡುವ ಮುಂಚೆಯೇ ಮಾಡಿಸಿ. ಆಮೇಲೆ ಮಾಡಿಸಿದರೆ ರಕ್ತ ಕೊಟ್ಟ ತಾರೀಕನ್ನು ನಿಮ್ಮ ಡಾಕ್ಟರಿಗೆ ಹೇಳಿ.

ಮೊದಲ ಸಲ ಕೊಡುವವರಿಗೆ ವಯಸ್ಸಿನ ಮಿತಿ 60. ಮುಂಚಿನಿಂದ ಕೊಡುತ್ತಾ ಬಂದವರಿಗೆ 65. ನಿಮಗೆ ಇನ್ನೂ ಬೇಕಾದಷ್ಟು ವರ್ಷಗಳಿವೆ.

ಪ್ರಶ್ನೆ: ನಾನು ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸೋನು. ಬಿಪಿಗೆ ಒಂದು ಮಾತ್ರೆ ನಡೀತಿದೆ. ಹೋದ ತಿಂಗಳು ಶಿಬಿರದಲ್ಲಿ ‘150 ಇದೆ, ಆಗಲ್ಲ’ ಅಂತ ವಾಪಸ್ ಕಳಿಸಿದರು. ಅದೇ ವಾರ ಡಾಕ್ಟರ್ ಮಾತ್ರೆ ಡಬಲ್ ಮಾಡಿದಾರೆ. ಇನ್ನು ನಾನು ಕೊಡೋ ಹಾಗೇ ಇಲ್ಲವಾ?
– ಸಕಲೇಶಪುರ

ಉತ್ತರ: ಕೊಡಬಹುದು, ಸ್ವಲ್ಪ ತಡೆಯಿರಿ. ಮಾತ್ರೆ ನುಂಗುತ್ತಿದ್ದರೂ ಪರವಾಗಿಲ್ಲ, ಅಳೆದಾಗ ಮೇಲಿನ ಸಂಖ್ಯೆ 100ರಿಂದ 140, ಕೆಳಗಿನದು 60ರಿಂದ 90ರೊಳಗೆ ಇರಬೇಕು. ನಾಡಿ 60ರಿಂದ 100, ಒಂದೇ ಲಯದಲ್ಲಿ ಬಡಿಯಬೇಕು. ಆದರೆ ಮಾತ್ರೆ ಅಥವಾ ಅದರ ಪ್ರಮಾಣ ಬದಲಾಗಿ 28 ದಿನ ಕಳೆದಿರಬೇಕು. ಹೊಸ ಪ್ರಮಾಣಕ್ಕೆ ಮೈ ಹೊಂದಿಕೊಳ್ಳುವ ಮುಂಚೆ ರಕ್ತವನ್ನೂ ತೆಗೆದರೆ ಬಿಪಿ ಪಾತಾಳಕ್ಕೆ ಇಳಿಯಬಹುದು. ಮಾತ್ರೆಯ ಹಾಳೆಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆಗಳು ನಾಡಿಯನ್ನು ಏರಲು ಬಿಡುವುದಿಲ್ಲ, ವೈದ್ಯರಿಗೆ ಅದು ತಿಳಿದಿರಬೇಕು.

ಶಿಬಿರದಲ್ಲಿ 150 ಬರಲು ಸಣ್ಣ ಕಾರಣಗಳೂ ಇರುತ್ತವೆ: ಮೆಟ್ಟಿಲು ಹತ್ತಿ ಬಂದು ನೇರ ಕುರ್ಚಿಗೆ ಕೂತದ್ದು, ಆಗಷ್ಟೇ ಸ್ಟ್ರಾಂಗ್ ಕಾಫಿ ಕುಡಿದದ್ದು, ಬೀಡಿ ಸೇದಿದ್ದು, ಮೂತ್ರ ಕಟ್ಟಿಕೊಂಡು ಕೂತದ್ದು. ಹದಿನೈದು ನಿಮಿಷ ಬೆನ್ನು ಒರಗಿಸಿ, ಕಾಲು ನೆಲಕ್ಕೂರಿ ಸುಮ್ಮನೆ ಕೂತು ಇನ್ನೊಮ್ಮೆ ಅಳೆಯಲು ಕೇಳಿ. ಎರಡನೇ ಸಲವೂ ಹೆಚ್ಚೇ ಇದ್ದರೆ ಹಟ ಮಾಡಬೇಡಿ.

ನಿಮ್ಮ ಕೆಲಸದ ವಿಷಯ ಇನ್ನೂ ಮುಖ್ಯ. ದೂರದ ಗಾಡಿ ಓಡಿಸುವವರು ರಕ್ತ ಕೊಟ್ಟ ಮೇಲೆ 24 ಗಂಟೆ ಸ್ಟಿಯರಿಂಗ್ ಹಿಡಿಯಬಾರದು. ರಾತ್ರಿ ನಿದ್ದೆಗೆಟ್ಟು ಗಾಡಿ ಓಡಿಸಿ ಬಂದು ಬೆಳಿಗ್ಗೆ ರಕ್ತ ಕೊಡುವುದೂ ಸಲ್ಲ. ಕೆಲವರಿಗೆ ತಲೆಸುತ್ತು ಮಲಗಿದ ಮಂಚದ ಮೇಲೆ ಬರುವುದಿಲ್ಲ, ನಾಲ್ಕಾರು ಗಂಟೆ ಬಿಟ್ಟು ಬರುತ್ತದೆ. ಮಾರನಹಳ್ಳಿ ತಿರುವಿನಲ್ಲಿ ಅದು ಬಂದರೆ ಗತಿಯೇನು? ತೋಟದಲ್ಲಿ ಮರಗಸಿ ಮಾಡುವವರು, ಏಣಿ ಹಾಕಿ ಮೆಣಸು ಕೊಯ್ಯುವವರು, ಅಡಿಕೆ ಮರ ಹತ್ತುವ ಕೊನೆಗಾರರು ಎಲ್ಲರಿಗೂ ಇದೇ ಮಾತು. ರಜೆಯ ಹಿಂದಿನ ದಿನ ಕೊಡಿ.

ಪ್ರಶ್ನೆ: ವಯಸ್ಸು 34, ತೂಕ 52 ಕೆ.ಜಿ. ಥೈರಾಯ್ಡ್ ಮಾತ್ರೆ ನುಂಗುತ್ತೇನೆ. ಎರಡು ಸಲ ರಕ್ತ ಕೊಡಲು ಹೋದೆ, ಎರಡು ಸಲವೂ ‘ಹಿಮೋಗ್ಲೋಬಿನ್ 11.8, ಕಡಿಮೆ ಇದೆ’ ಅಂದರು. ಥೈರಾಯ್ಡ್‌ನಿಂದಲೇ ಹೀಗೆ ಅಂತ ಪಕ್ಕದ ಮನೆಯವರು ಹೇಳ್ತಾರೆ. ದಿನಾ ಬೀಟ್‌ರೂಟ್ ತಿಂತಿದ್ದೀನಿ, ಏರ್ತಾನೇ ಇಲ್ಲ.
– ಆಲೂರಿನ ಗೃಹಿಣಿ

ಉತ್ತರ: ಥೈರಾಯ್ಡ್ ಕಡಿಮೆಯಾಗಿ ಮಾತ್ರೆ ನುಂಗುವವರು, ಥೈರಾಯ್ಡ್ ರಕ್ತಪರೀಕ್ಷೆಯ ಟಿಎಸ್‌ಎಚ್ ಸರಿಯಾದ ಮಟ್ಟಕ್ಕೆ ಬಂದಿದ್ದರೆ ರಕ್ತ ಕೊಡಬಹುದು. ಗ್ರೇವ್ಸ್ ಕಾಯಿಲೆಯಿಂದ ಥೈರಾಯ್ಡ್ ಹೆಚ್ಚಾಗಿದ್ದವರು, ಥೈರಾಯ್ಡ್ ಕ್ಯಾನ್ಸರ್ ಆಗಿದ್ದವರು ಕೊಡುವಂತಿಲ್ಲ. ನಿಮ್ಮ 52 ಕೆ.ಜಿ. ತೂಕವೂ ಸಾಲುತ್ತದೆ: 350 ಮಿ.ಲೀ.ಗೆ 45 ಕೆ.ಜಿ. ಇದ್ದರೆ ಸಾಕು, 450 ಮಿ.ಲೀ.ಗೆ 55 ದಾಟಿರಬೇಕು. ಅಡ್ಡ ಬಂದಿರುವುದು ಹಿಮೋಗ್ಲೋಬಿನ್ ಒಂದೇ. ಗಂಡಸಾಗಲಿ ಹೆಂಗಸಾಗಲಿ 12.5 ಬೇಕು.

ಶಿಬಿರದಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ನೀರಿಗೆ ಬಿಡುವುದನ್ನು ನೋಡಿರುತ್ತೀರಿ. ಅದು ಮೈಲುತುತ್ತದ ದ್ರಾವಣ, ನಮ್ಮ ತೋಟಗಳಲ್ಲಿ ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಕಲಸುವ ಅದೇ ಮೈಲುತುತ್ತ. ಅದರ ಸಾಂದ್ರತೆಯನ್ನು ಸರಿಯಾಗಿ 1.053ಕ್ಕೆ ಹೊಂದಿಸಿರುತ್ತಾರೆ. ಒಂದು ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಹನಿ 15 ಸೆಕೆಂಡಿನೊಳಗೆ ತಳಕ್ಕೆ ಇಳಿದರೆ 12.5 ಇದೆ ಎಂದರ್ಥ. ನಡುವೆ ತೇಲಿದರೆ ಅಥವಾ ಮೇಲಕ್ಕೆ ಬಂದರೆ ಇಲ್ಲ. ಹನಿಯಲ್ಲಿ ಗಾಳಿಗುಳ್ಳೆ ಸೇರಿದ್ದರೆ, ಬೆರಳನ್ನು ಬಲವಾಗಿ ಹಿಂಡಿ ರಕ್ತದ ಜೊತೆ ಮೈನೀರೂ ಬೆರೆತಿದ್ದರೆ ಚೆನ್ನಾಗಿರುವ ರಕ್ತವೂ ತೇಲುತ್ತದೆ. ನಿಮಗೆ ಎರಡು ಸಲವೂ ಸಂಖ್ಯೆಯಲ್ಲೇ 11.8 ಎಂದು ಹೇಳಿರುವುದರಿಂದ ಯಂತ್ರದಲ್ಲಿ ಅಳೆದಿದ್ದಾರೆ, ತಪ್ಪಿರುವ ಸಂಭವ ಕಡಿಮೆ.

ಹಿಮೋಗ್ಲೋಬಿನ್ ಏರದಿರಲು ಕಾರಣ ಬಹುಶಃ ನಿಮ್ಮ ದಿನಚರಿಯಲ್ಲೇ ಇದೆ. ಬೀಟ್‌ರೂಟ್ ಕೆಂಪಗಿದೆ ಅಷ್ಟೇ, ಅದರಲ್ಲಿ ಕಬ್ಬಿಣಾಂಶ ಬಲು ಕಡಿಮೆ. ನಮ್ಮ ಕಡೆ ತಿಂಡಿ ಆದ ಕೂಡಲೇ ಲೋಟ ತುಂಬ ಕಾಫಿ ಬೇಕೇ ಬೇಕು. ಊಟ ತಿಂಡಿಯ ಜೊತೆ ಕಾಫಿ, ಟೀ ಕುಡಿದರೆ ಅವುಗಳ ಒಗರು ಅಂಶ ಕಬ್ಬಿಣಕ್ಕೆ ಅಂಟಿಕೊಂಡು ಅದನ್ನು ಕರುಳು ಹೀರದಂತೆ ಮಾಡುತ್ತದೆ. ತಿಂಡಿಗೂ ಕಾಫಿಗೂ ಒಂದೂವರೆ ಗಂಟೆ ಅಂತರವಿರಲಿ. ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ಹುರುಳಿಯ ಬಸ್ಸಾರು ಒಳ್ಳೆಯದು, ತಟ್ಟೆಗೆ ಬಡಿಸಿಕೊಂಡ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ.

ಊಟವೊಂದರಿಂದಲೇ 11.8 ಅನ್ನು 12.5ಕ್ಕೆ ಏರಿಸುವುದು ನಿಧಾನ. ವೈದ್ಯರು ಕಬ್ಬಿಣದ ಮಾತ್ರೆ ಬರೆದರೆ ಒಂದು ಎಚ್ಚರಿಕೆ: ಥೈರಾಯ್ಡ್ ಮಾತ್ರೆ ಮತ್ತು ಕಬ್ಬಿಣದ ಮಾತ್ರೆ ಒಟ್ಟಿಗೆ ಹೊಟ್ಟೆ ಸೇರಿದರೆ ಒಂದಕ್ಕೊಂದು ಅಂಟಿ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಾಲ್ಕು ಗಂಟೆಯಾದರೂ ಬಿಡುವಿರಬೇಕು. ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ, ಮುಕ್ಕಾಲು ಗಂಟೆ ಬಿಟ್ಟು ಕಾಫಿ, ಕಾಫಿಯ ಒಂದೂವರೆ ಗಂಟೆ ಮೇಲೆ ತಿಂಡಿ, ಸಂಜೆ ನಿಂಬೆ ಪಾನಕದ ಜೊತೆ ಕಬ್ಬಿಣದ ಮಾತ್ರೆ. ಹೀಗೆ ಕ್ರಮ ಹಾಕಿಕೊಳ್ಳಿ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ಮಾತ್ರೆ ಬಿಡಬಾರದು, ಇಲ್ಲದಿದ್ದರೆ ಮೈಯ ಉಗ್ರಾಣ ತುಂಬುವುದಿಲ್ಲ. ಮುಟ್ಟಿನ ರಕ್ತ ಹೆಚ್ಚು ಹೋಗುತ್ತಿದ್ದರೆ ಅದನ್ನು ಮೊದಲು ತೋರಿಸಿ. ಸೋರುವ ಕೊಡಕ್ಕೆ ಎಷ್ಟು ಸುರಿದರೇನು?

ಒಂದು ಸಲ ರಕ್ತ ಕೊಟ್ಟರೆ 150ರಿಂದ 200 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಇಟ್ಟಿರುವುದು ಇದಕ್ಕೇ. ಈ ವರ್ಷ ಮೈ ಸುಧಾರಿಸಿಕೊಳ್ಳಿ, ಮುಂದಿನ ವರ್ಷ ಕೊಡಿ.

ಪ್ರಶ್ನೆ: ಆಸ್ತಮಾ, ಮೂರ್ಛೆ ರೋಗ, ಅರೆದಲೆನೋವು, ಮುಂಚೆ ಟಿ.ಬಿ. ಆಗಿದ್ದವರು, ಡೆಂಗ್ಯೂ ಬಂದು ಹೋದವರು ಇವರೆಲ್ಲ ಕೊಡಬಹುದಾ? ನಮ್ಮ ಸಂಘದಿಂದ ಶಿಬಿರ ಮಾಡ್ತಿದ್ದೀವಿ, ಬರೋರಿಗೆ ಮೊದಲೇ ಹೇಳಬೇಕು.
– ಮೂಡಿಗೆರೆ

ಉತ್ತರ: ಮೂರ್ಛೆ ರೋಗ ಇದ್ದವರು ಬೇಡ. ಆಸ್ತಮಾ ಅಟ್ಯಾಕ್ ಬರುವವರು, ಸ್ಟೆರಾಯ್ಡ್ ಮೇಲಿರುವವರು ಬೇಡ. ಇನ್‌ಹೇಲರಿನ ಡಬ್ಬದ ಮೇಲೆ ಬುಡೆಸೊನೈಡ್ ಎಂದಿದ್ದರೆ ಅದೂ ಸ್ಟೆರಾಯ್ಡೇ, ವೈದ್ಯರಿಗೆ ತೋರಿಸಲಿ. ಅರೆದಲೆನೋವು ವಾರಕ್ಕೊಮ್ಮೆಗಿಂತ ಕಡಿಮೆ, ಸಾಧಾರಣ ಮಟ್ಟದ್ದಾದರೆ ಕೊಡಬಹುದು. ಟಿ.ಬಿ. ಪೂರ್ತಿ ವಾಸಿಯಾಯಿತು ಎಂದು ದೃಢಪಟ್ಟು ಎರಡು ವರ್ಷ, ಟೈಫಾಯ್ಡ್ ವಾಸಿಯಾಗಿ ಒಂದು ವರ್ಷ, ಡೆಂಗ್ಯೂ ಮತ್ತು ಚಿಕುನ್‌ಗುನ್ಯ ವಾಸಿಯಾಗಿ ಆರು ತಿಂಗಳು, ಮಲೇರಿಯಾ ವಾಸಿಯಾಗಿ ಮೂರು ತಿಂಗಳು ಕಳೆದಿರಬೇಕು. ಹೃದಯದ ಕಾಯಿಲೆ, ದೀರ್ಘಕಾಲದ ಕಿಡ್ನಿ ಕಾಯಿಲೆ, ಕ್ಯಾನ್ಸರ್ ಇದ್ದವರು ಬೇಡ. ಇಕೋಸ್ಪ್ರಿನ್ (ಆಸ್ಪಿರಿನ್) ನುಂಗುವವರ ರಕ್ತದಿಂದ ಮೂರು ದಿನದವರೆಗೆ ಪ್ಲೇಟ್‌ಲೆಟ್ ತೆಗೆಯುವುದಿಲ್ಲ, ರಕ್ತ ಕೊಡುವ ಆಸೆಗೆ ಯಾರೂ ಆ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಸಂಘದವರಿಗೆ ಒಂದು ವಿನಂತಿ. ಪ್ರಶ್ನಾವಳಿ ತುಂಬಿಸುವ ಮೇಜನ್ನು ಸಾಲಿನ ನಡುವೆ ಇಡಬೇಡಿ. ಹಿಂದೆ ಊರಿನವರೆಲ್ಲ ನಿಂತು ನೋಡುತ್ತಿದ್ದರೆ ಯಾರೂ ‘ನನಗೆ ಮೂರ್ಛೆ ಬರುತ್ತೆ’ ಎಂದು ಬಾಯಿ ಬಿಡುವುದಿಲ್ಲ. ಮೂಲೆಯಲ್ಲಿ ಒಂದು ಪರದೆ ಕಟ್ಟಿ, ಎರಡೇ ಕುರ್ಚಿ ಹಾಕಿ. ‘ನೂರು ಯೂನಿಟ್ ಮಾಡ್ಲೇಬೇಕು’ ಎಂಬ ಪಣವನ್ನೂ ಬಿಡಿ. ವಾಪಸ್ ಕಳಿಸಿದವರಿಗೂ ಊಟ ಹಾಕಿ, ಮರ್ಯಾದೆಯಿಂದ ಕಳಿಸಿ.

ಪ್ರಶ್ನೆ: ಅಮ್ಮನಿಗೆ 58 ವರ್ಷ, ವಾರಕ್ಕೆರಡು ಸಲ ಡಯಾಲಿಸಿಸ್. ನನಗೆ 36, ಬಿಪಿಗೆ ಒಂದು ಮಾತ್ರೆ ಇದೆ. ನಾನೇ ಕಿಡ್ನಿ ಕೊಡೋಣ ಅಂತ. ಅಪ್ಪನಿಗೆ ಶುಗರ್. ಅಮ್ಮನಿಗೆ ರಕ್ತ ಕಡಿಮೆ ಆದಾಗ ನಾವೇ ಮನೆಯವರು ರಕ್ತ ಕೊಡೋದು ಒಳ್ಳೇದಲ್ವಾ?
– ಬೇಲೂರು

ಉತ್ತರ: ರಕ್ತದ ಪ್ರಶ್ನೆಯಿಂದಲೇ ಶುರುಮಾಡೋಣ, ಅದು ತುರ್ತಿನದು. ಕಿಡ್ನಿ ಕಸಿಗೆ ಕಾಯುತ್ತಿರುವವರಿಗೆ ಬೇರೆಯವರ ರಕ್ತ ಏರಿಸಿದಾಗಲೆಲ್ಲ ಅವರ ಮೈ ಆ ರಕ್ತದ ಬಿಳಿ ಕಣಗಳ ಗುರುತು ಹಿಡಿದು ಪ್ರತಿಕಾಯ ಬೆಳೆಸಿಕೊಳ್ಳಬಹುದು. ನಾಳೆ ಅದೇ ಗುರುತಿರುವ ಕಿಡ್ನಿ ಬಂದರೆ ಮೈ ಅದನ್ನು ಶತ್ರುವೆಂದು ತಿರಸ್ಕರಿಸುತ್ತದೆ. ಗಂಡನ ರಕ್ತ, ಮಕ್ಕಳ ರಕ್ತವನ್ನೇ ಏರಿಸಿದರೆ ಮುಂದೆ ಆ ಗಂಡ, ಆ ಮಕ್ಕಳ ಕಿಡ್ನಿಯೇ ಹೊಂದದೆ ಹೋಗಬಹುದು. ಪ್ರೀತಿಯಿಂದ ಕೊಟ್ಟದ್ದೇ ದಾರಿ ಮುಚ್ಚಿಬಿಡುತ್ತದೆ. ಸಾಲದ್ದಕ್ಕೆ, ಹತ್ತಿರದ ರಕ್ತಸಂಬಂಧಿಯ ರಕ್ತವನ್ನು ವಿಕಿರಣ ಹಾಯಿಸದೆ ಏರಿಸಿದರೆ ಅದರ ಬಿಳಿ ಕಣಗಳು ರೋಗಿಯ ಮೈಯ ಮೇಲೇ ತಿರುಗಿ ಬೀಳುವ ಅಪರೂಪದ, ಆದರೆ ಪ್ರಾಣಾಪಾಯದ ತೊಂದರೆಯೂ ಇದೆ. ಡಯಾಲಿಸಿಸ್ ಮಾಡುವ ವೈದ್ಯರ ಹತ್ತಿರ ಮೂರು ವಿಷಯ ಕೇಳಿ: ಮೈಯಲ್ಲೇ ರಕ್ತ ಹೆಚ್ಚಿಸುವ ಎರಿಥ್ರೊಪೊಯಟಿನ್ ಇಂಜೆಕ್ಷನ್ ಕ್ರಮವಾಗಿ ಬೀಳುತ್ತಿದೆಯೇ, ಮೈಯಲ್ಲಿ ಕಬ್ಬಿಣದ ಸಂಗ್ರಹ ನೋಡಿದ್ದಾರೆಯೇ, ರಕ್ತ ಏರಿಸಲೇಬೇಕಾದರೆ ಬಿಳಿ ಕಣ ಸೋಸಿದ ರಕ್ತ ಸಿಗುತ್ತದೆಯೇ.

ಈಗ ಕಿಡ್ನಿಯ ವಿಷಯ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಗಳು. ಚಿಕ್ಕಪ್ಪ, ಸೋದರಮಾವ, ಭಾವಮೈದ ಆ ಪಟ್ಟಿಯಲ್ಲಿ ಇಲ್ಲ. ಅವರು ಕೊಡುವುದಾದರೆ ಅನುಮತಿ ಸಮಿತಿಯ ಒಪ್ಪಿಗೆ ಬೇಕು. ನೀವು ಕಾನೂನಿನ ಲೆಕ್ಕದಲ್ಲಿ ಸರಿ. ವೈದ್ಯಕೀಯ ಲೆಕ್ಕ ಬೇರೆ. ಶುಗರ್ ಇರುವ ನಿಮ್ಮ ತಂದೆಯವರ ಕಿಡ್ನಿಯನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಉಳಿಯುವ ಒಂದೇ ಕಿಡ್ನಿಯನ್ನು ಶುಗರ್ ತಿನ್ನತೊಡಗಿದರೆ ಅವರೇ ಡಯಾಲಿಸಿಸ್‌ಗೆ ಬರಬೇಕಾಗುತ್ತದೆ.

ಬಿಪಿ ಇದ್ದವರನ್ನು ಒಬ್ಬೊಬ್ಬರಾಗಿ ತೂಗಿ ನೋಡುತ್ತಾರೆ. ಇಲ್ಲಿ ಜನ ಅಂದುಕೊಂಡದ್ದಕ್ಕೆ ತಿರುವುಮುರುವಾದ ಒಂದು ಮಾತಿದೆ: ಒಂದು ಮಾತ್ರೆಯಲ್ಲಿ ಹತೋಟಿಯಲ್ಲಿರುವ 60 ವರ್ಷದವರಿಗಿಂತ, ಅದೇ ಮಾತ್ರೆ ನುಂಗುವ 36 ವರ್ಷದವರ ವಿಷಯದಲ್ಲೇ ವೈದ್ಯರು ಹೆಚ್ಚು ಹಿಂಜರಿಯುತ್ತಾರೆ. ನಿಮ್ಮ ಮುಂದೆ ಇನ್ನೂ ನಲವತ್ತು ವರ್ಷ ಇದೆ, ಆ ನಲವತ್ತು ವರ್ಷ ಬಿಪಿಯ ಹೊಡೆತವನ್ನು ಒಂದೇ ಕಿಡ್ನಿ ತಾಳಬೇಕು. ಜೊತೆಗೆ ತಾಯಿಗೆ ಕಿಡ್ನಿ ಕಾಯಿಲೆ, ತಂದೆಗೆ ಶುಗರ್. ಎರಡೂ ನಿಮಗೂ ಬರುವ ಸಂಭವ ಉಂಟು. ತಾಯಿಯ ಕಿಡ್ನಿ ಹಾಳಾದದ್ದು ಯಾವುದರಿಂದ ಎಂದು ಮೊದಲು ಖಚಿತ ಮಾಡಿಕೊಳ್ಳಿ. ವಂಶದಲ್ಲಿ ಹರಿದು ಬರುವ ಗುಳ್ಳೆ ಕಿಡ್ನಿ ಕಾಯಿಲೆಯಾಗಿದ್ದರೆ ನಿಮ್ಮ ಕಿಡ್ನಿಯನ್ನೇ ಮೊದಲು ಸ್ಕ್ಯಾನ್ ಮಾಡಬೇಕು.

ಪರೀಕ್ಷೆಗೆ ಒಪ್ಪಿದರೆ ರಕ್ತದ ಗುಂಪು, ಕ್ರಿಯಾಟಿನಿನ್, 24 ಗಂಟೆಯ ಮೂತ್ರದಲ್ಲಿ ಪ್ರೋಟೀನ್, ಗ್ಲೂಕೋಸ್ ಕುಡಿಸಿ ನೋಡುವ ಶುಗರ್ ಪರೀಕ್ಷೆ, ಒಂದು ಹಗಲು ಒಂದು ರಾತ್ರಿ ತೋಳಿಗೆ ಯಂತ್ರ ಕಟ್ಟಿ ಬಿಪಿ ಅಳೆಯುವುದು, ಎರಡೂ ಕಿಡ್ನಿಯ ಶಕ್ತಿಯನ್ನು ಬೇರೆಬೇರೆಯಾಗಿ ತೋರಿಸುವ ಡಿಟಿಪಿಎ ಸ್ಕ್ಯಾನ್, ರಕ್ತನಾಳದ ಸಿ.ಟಿ., ಕೊನೆಗೆ ನಿಮ್ಮ ರಕ್ತ ಅಮ್ಮನ ರಕ್ತ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಇರುತ್ತವೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಬಿಪಿಯಿಂದ ಹೃದಯದ ಗೋಡೆ ದಪ್ಪಗಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಎಲ್ಲ ಸರಿಯಿದ್ದು ಕೊಟ್ಟಿರಿ ಎನ್ನಿ: ಉಳಿದ ಕಿಡ್ನಿ ಹಿಗ್ಗಿ, ಮುಂಚೆ ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಸುಮಾರು 70 ಭಾಗವನ್ನು ತಾನೊಂದೇ ಮಾಡುತ್ತದೆ. ಆಮೇಲೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರ ಪರೀಕ್ಷೆ ಬದುಕಿರುವವರೆಗೂ ತಪ್ಪಿಸುವಂತಿಲ್ಲ. ಸೊಂಟನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವ ಅಭ್ಯಾಸ ಪೂರ್ತಿ ಬಿಡಬೇಕು.

ನಿಮ್ಮದು ಆಗುವುದಿಲ್ಲ ಎಂದರೆ ದಾರಿ ಮುಗಿಯಲಿಲ್ಲ. ಆರೋಗ್ಯವಾಗಿದ್ದೂ ಗುಂಪು ಹೊಂದದ ಸಂಬಂಧಿ ಇದ್ದರೆ ಅಂಥದೇ ಇನ್ನೊಂದು ಕುಟುಂಬದ ಜೊತೆ ಅದಲುಬದಲು ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಏನೇ ಆಗಲಿ, ಕಸಿ ಮಾಡುವ ಆಸ್ಪತ್ರೆಯ ಮೂಲಕ ರಾಜ್ಯದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವ ‘ಜೀವಸಾರ್ಥಕತೆ’ ಸಂಸ್ಥೆಯ ಪಟ್ಟಿಯಲ್ಲಿ ತಾಯಿಯ ಹೆಸರನ್ನು ಈಗಲೇ ಬರೆಸಿ. ಹೆಸರು ಬರೆಸದೆ ಸರದಿಗೆ ಸೇರುವುದಿಲ್ಲ. ‘ನನ್ನ ಟೆಸ್ಟ್ ಮುಗಿಯಲಿ ನೋಡೋಣ’ ಎಂದು ಕಾದರೆ ತಿಂಗಳುಗಳು ವ್ಯರ್ಥ.

ಪ್ರಶ್ನೆ: ನಮ್ಮ ತಂದೆಗೆ 71. ಶುಗರ್, ಬಿಪಿ, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಕಣ್ಣು, ಅಂಗಾಂಗ ಎಲ್ಲ ಬರೆದುಕೊಡ್ತೀನಿ ಅಂತಿದ್ದಾರೆ. ಇಷ್ಟು ಕಾಯಿಲೆ ಇಟ್ಟುಕೊಂಡು ಆಗುತ್ತಾ? ಮನೇಲಿ ತೀರಿಕೊಂಡರೆ ಯಾರಿಗೆ ಹೇಳಬೇಕು?
– ಕಡೂರು

ಉತ್ತರ: ನಿಮ್ಮ ತಾಲ್ಲೂಕಿನವರೇ ಆದ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕ್ ಅಪಘಾತವಾಗಿ, ಆಸ್ಪತ್ರೆಯಲ್ಲಿ ಮೆದುಳು ನಿಷ್ಕ್ರಿಯವಾದಾಗ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ನಿಂತು ತೀರಿಕೊಂಡಾಗ ದಾನವಾದದ್ದು ಕಣ್ಣುಗಳು. ಈ ವ್ಯತ್ಯಾಸ ಅರ್ಥವಾದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಹೃದಯ, ಲಿವರ್, ಕಿಡ್ನಿ ಕೊಡಬೇಕಾದರೆ ರಕ್ತ ಹರಿಯುತ್ತಲೇ ಇರಬೇಕು. ಆದ್ದರಿಂದ ಮೆದುಳು ಸತ್ತು, ವೆಂಟಿಲೇಟರ್‌ನಿಂದ ಉಸಿರು ನಡೆಯುತ್ತಿರುವವರಿಂದ, ಆಸ್ಪತ್ರೆಯಲ್ಲಿ ಮಾತ್ರ ಸಾಧ್ಯ. ನಾಲ್ವರು ವೈದ್ಯರು ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಸಹಿ ಹಾಕಬೇಕು. 2022ರಲ್ಲಿ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಿಂದ ಹೃದಯವೊಂದು ಹೆಲಿಕಾಪ್ಟರ್‌ನಲ್ಲಿ ಬೆಂಗಳೂರಿಗೆ ಹೋದದ್ದು ನಿಮಗೆ ನೆನಪಿರಬಹುದು. ಹೊರತೆಗೆದ ಹೃದಯ ತಾಳುವುದು ನಾಲ್ಕರಿಂದ ಆರು ಗಂಟೆ ಮಾತ್ರ.

ಮನೆಯಲ್ಲಿ ತೀರಿಕೊಂಡರೆ ಕಣ್ಣು ಕೊಡಬಹುದು, ಅದಕ್ಕೆ ಆರು ಗಂಟೆಯ ಗಡುವು. ಶುಗರ್, ಬಿಪಿ, ಕನ್ನಡಕ, ಪೊರೆ ಆಪರೇಷನ್ ಯಾವುದೂ ಅಡ್ಡಿಯಲ್ಲ. ಉಪಯೋಗಕ್ಕೆ ಬರುವುದು ಕಣ್ಣಿನ ಮುಂದಿನ ಗಾಜಿನಂಥ ಕಾರ್ನಿಯಾ, ಅರ್ಧ ಮಿಲಿಮೀಟರ್ ದಪ್ಪದ ಪದರ; ಪೊರೆ ಆಪರೇಷನ್ ಆಗುವುದು ಅದರ ಹಿಂದಿನ ಮಸೂರಕ್ಕೆ. ಡಯಾಲಿಸಿಸ್‌ನಲ್ಲಿದ್ದವರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬೀಸ್, ರಕ್ತದ ಕ್ಯಾನ್ಸರ್, ಮೈಯೆಲ್ಲ ಹರಡಿದ ಸೋಂಕಿನಿಂದ ತೀರಿಕೊಂಡಿದ್ದರೆ ಆಗುವುದಿಲ್ಲ.

ಆ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟು. ರೆಪ್ಪೆ ಮುಚ್ಚಿ. ಫ್ಯಾನ್ ಆರಿಸಿ, ಗಾಳಿ ತಾಗಿದರೆ ಕಾರ್ನಿಯಾ ಒಣಗಿ ಮಬ್ಬಾಗುತ್ತದೆ. ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ರೆಪ್ಪೆಯ ಮೇಲಿಡಿ. ತಲೆಯ ಕೆಳಗೆ ಎರಡು ದಿಂಬು ಕೊಟ್ಟು ಆರು ಇಂಚು ಎತ್ತರಿಸಿ, ಇಲ್ಲದಿದ್ದರೆ ತೆಗೆದ ಮೇಲೆ ರಕ್ತ ಜಿನುಗುತ್ತದೆ. ಕೂಡಲೇ ನೇತ್ರನಿಧಿಗೆ ಫೋನ್ ಮಾಡಿ, ವೈದ್ಯರಿಂದ ಮರಣ ದೃಢೀಕರಣ ಬರೆಸಿಡಿ, ಹಳೆಯ ಆಸ್ಪತ್ರೆ ಚೀಟಿಗಳನ್ನು ತೆಗೆದಿಡಿ. ಅವರು ಮನೆಗೇ ಬರುತ್ತಾರೆ, 15–20 ನಿಮಿಷದ ಕೆಲಸ, ಪರೀಕ್ಷೆಗೆ ಸ್ವಲ್ಪ ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ಮುಖ ವಿಕಾರವಾಗುವುದಿಲ್ಲ, ನೆಂಟರು ಬಂದು ದರ್ಶನ ಮಾಡಬಹುದು. ನಮ್ಮಲ್ಲಿ ಗಡುವು ಮೀರುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ‘ಬೆಂಗಳೂರಿಂದ ಮಗ ಬರಲಿ, ಅವನನ್ನ ಕೇಳಿ ಹೇಳ್ತೀವಿ.’ ಮಗ ಅರಸೀಕೆರೆ ದಾಟಿ ಬರುವಷ್ಟರಲ್ಲಿ ಆರು ಗಂಟೆ ಕಳೆದಿರುತ್ತದೆ. ಒಪ್ಪಿಗೆಯನ್ನು ಫೋನಿನಲ್ಲಿ ಕೇಳಿ ತಿಳಿದು, ಮನೆಯಲ್ಲಿರುವ ಹತ್ತಿರದ ಸಂಬಂಧಿ ಸಹಿ ಮಾಡಿದರೆ ಆಯಿತು.

ಅಂಗಾಂಗಕ್ಕೂ ನಿಮ್ಮ ತಂದೆ ಹೆಸರು ಬರೆಸಲಿ. ಪ್ರತಿಜ್ಞೆ ಮಾಡುವಾಗ ಯಾವ ಆರೋಗ್ಯ ತಪಾಸಣೆಯೂ ಇರುವುದಿಲ್ಲ. ಯಾವ ಅಂಗ ಒಳ್ಳೆಯದಿದೆ ಎಂದು ನೋಡುವುದು ಆ ಸಮಯದಲ್ಲಿ. ಶುಗರ್ ಇದ್ದವರ ಲಿವರ್ ಚೆನ್ನಾಗಿರಬಹುದು. ಜೀವಸಾರ್ಥಕತೆಯ ಜಾಲತಾಣದಲ್ಲಿ ಅಥವಾ ಕೇಂದ್ರದ ಅಂಗಾಂಗ ಕಸಿ ಸಂಸ್ಥೆಯಾದ ನೊಟ್ಟೊದ ಜಾಲತಾಣದಲ್ಲಿ ಆಧಾರ್ ಬಳಸಿ ಬರೆಸಬಹುದು. ನೊಟ್ಟೊದ ಉಚಿತ ಸಹಾಯವಾಣಿ 1800114770. ಕಾಗದದಲ್ಲಾದರೆ ನಮೂನೆ 7, ಇಬ್ಬರು ಸಾಕ್ಷಿ, ಅವರಲ್ಲೊಬ್ಬರು ಹತ್ತಿರದ ಸಂಬಂಧಿ. ಆದರೆ ಪ್ರತಿಜ್ಞೆಯ ಕಾರ್ಡ್ ಇದ್ದರೂ ಆ ದಿನ ಮನೆಯವರು ‘ಹೂಂ’ ಎನ್ನದಿದ್ದರೆ ಯಾರೂ ಮುಟ್ಟುವುದಿಲ್ಲ. ತಂದೆ ತಮ್ಮ ಇಷ್ಟವನ್ನು ಈಗ, ಎಲ್ಲ ಮಕ್ಕಳೂ ಸೇರಿದ ಹಬ್ಬದ ದಿನ, ಬಾಯಿಬಿಟ್ಟು ಹೇಳಲಿ.

ಪ್ರಶ್ನೆ: ರಕ್ತ ಕೊಟ್ಟು ಹತ್ತು ದಿನಕ್ಕೆ ಬ್ಲಡ್ ಬ್ಯಾಂಕಿನಿಂದ ಫೋನ್ ಬಂತು. ಹೆಪಟೈಟಿಸ್ ಬಿ ಇದೆ ಅಂದರು. ನನಗೆ ಏನೂ ತೊಂದರೆ ಇಲ್ಲ. ಮನೇಲಿ ಇನ್ನೂ ಹೇಳಿಲ್ಲ.
– ತರೀಕೆರೆ

ಉತ್ತರ: ಪ್ರತಿಯೊಂದು ಚೀಲದ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸುತ್ತಾರೆ. ಆ ಪರೀಕ್ಷೆಯಲ್ಲಿ ಬಂದದ್ದು ಇನ್ನೂ ಕೊನೆಯ ತೀರ್ಪಲ್ಲ. ಒಂದು ವಾರದೊಳಗೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಈ ವೈರಸ್ ಇದೆಯೇ ಎಂದು ತೋರಿಸುವ ಎಚ್‌ಬಿಎಸ್‌ಎಜಿ ಪರೀಕ್ಷೆ ಮತ್ತೊಮ್ಮೆ ಮಾಡಿಸಿ. ಅದೂ ಪಾಸಿಟಿವ್ ಬಂದರೆ ವೈರಸ್ ಎಷ್ಟಿದೆ ಎಂದು ತಿಳಿಯುವ ಡಿಎನ್‌ಎ ಪರೀಕ್ಷೆ, ಲಿವರ್ ಪರೀಕ್ಷೆ ಮಾಡಿಸಬೇಕು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಆದರೆ ಎಲ್ಲರೂ ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು. ‘ಏನೂ ತೊಂದರೆ ಇಲ್ಲ’ ಎಂಬ ಮಾತನ್ನು ನಂಬಬೇಡಿ, ಈ ವೈರಸ್ ಇಪ್ಪತ್ತು ವರ್ಷ ಸದ್ದಿಲ್ಲದೆ ಲಿವರ್ ಕೆಡಿಸಬಲ್ಲದು. ಸಾರಾಯಿ ಮುಟ್ಟಬೇಡಿ, ಕಾಮಾಲೆಗೆಂದು ಸೊಪ್ಪಿನ ರಸ ಕುಡಿಯಲು ಹೋಗಬೇಡಿ.

ಮನೆಯಲ್ಲಿ ಇವತ್ತೇ ಹೇಳಿ. ಒಂದೇ ತಟ್ಟೆಯಲ್ಲಿ ಉಂಡರೆ, ಮಗುವನ್ನು ಎತ್ತಿಕೊಂಡರೆ ಇದು ಅಂಟುವುದಿಲ್ಲ. ರಕ್ತ ಮತ್ತು ಲೈಂಗಿಕ ಸಂಪರ್ಕದಿಂದ ಅಂಟುತ್ತದೆ. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಬೇರೆ ಇಟ್ಟುಕೊಳ್ಳಿ. ಹೆಂಡತಿ ಮಕ್ಕಳಿಗೆ ಪರೀಕ್ಷೆ ಮಾಡಿಸಿ, ಇಲ್ಲವೆಂದಾದರೆ ಲಸಿಕೆ ಹಾಕಿಸಿ: ಇವತ್ತು ಒಂದು, ಒಂದು ತಿಂಗಳು ಬಿಟ್ಟು ಇನ್ನೊಂದು, ಆರನೇ ತಿಂಗಳಿಗೆ ಮತ್ತೊಂದು. ಸೋಂಕು ದೃಢವಾದರೆ ನೀವು ಮುಂದೆ ಎಂದೂ ರಕ್ತ ಕೊಡುವಂತಿಲ್ಲ. ಗೆಳೆಯರು ಶಿಬಿರಕ್ಕೆ ಎಳೆದುಕೊಂಡು ಹೋದರೆ ‘ಡಾಕ್ಟರ್ ಬೇಡ ಅಂದಿದ್ದಾರೆ’ ಎಂದರೆ ಸಾಕು, ಕಾರಣ ಹೇಳುವ ಹಂಗಿಲ್ಲ.

ಪ್ರಶ್ನೆ: ಶುಗರ್ ಇದ್ದವರ ದೇಹವನ್ನು ಮೆಡಿಕಲ್ ಕಾಲೇಜಿಗೆ ತಗೋತಾರಾ?
– ಚನ್ನರಾಯಪಟ್ಟಣ

ಉತ್ತರ: ತೆಗೆದುಕೊಳ್ಳುತ್ತಾರೆ. ಬೇಡವೆನ್ನುವುದು ಎಚ್‌ಐವಿ, ಹೆಪಟೈಟಿಸ್‌ನಂಥ ಸೋಂಕಿದ್ದರೆ, ಮರಣೋತ್ತರ ಪರೀಕ್ಷೆ ಆಗಿದ್ದರೆ, ಅಂಗಾಂಗಗಳನ್ನು ಆಗಲೇ ತೆಗೆದಿದ್ದರೆ. ಕಣ್ಣು ಕೊಟ್ಟು ಆಮೇಲೆ ದೇಹ ಕೊಡಬಹುದು. ನಿಮ್ಮ ಜಿಲ್ಲೆಯದು ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು, ಹಿಮ್ಸ್. ಅಲ್ಲಿನ ಅಂಗರಚನಾ ವಿಭಾಗದಲ್ಲಿ ಈಗಲೇ ವಿಚಾರಿಸಿ ಅರ್ಜಿ ತುಂಬಿ, ದೇಹ ಸಾಗಿಸುವ ಗಾಡಿಯ ಏರ್ಪಾಡು ಯಾರದು ಎಂದೂ ಕೇಳಿಕೊಳ್ಳಿ. ತೀರಿಕೊಂಡ ದಿನ ವೈದ್ಯರ ಮರಣ ದೃಢೀಕರಣ, ತೀರಿಕೊಂಡವರ ಮತ್ತು ದೇಹ ಒಪ್ಪಿಸುವವರ ಆಧಾರ್ ಪ್ರತಿ, ಅರ್ಜಿಯ ಪ್ರತಿ ಬೇಕಾಗುತ್ತವೆ. ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಪಡಿತರ ಚೀಟಿ ಇಡುವ ಜಾಗದಲ್ಲೇ ಇಡಿ, ಎಲ್ಲರ ಕೈಗೂ ಸಿಗುತ್ತದೆ.